ಕಪಾಟಿಗೆ ಸೇರಿದ ದೈವ, ಕಾಡಿನಲ್ಲುಳಿದ ದೈವ

ಉಡುಪಿ ಜಿಲ್ಲೆಯ ಶಿರಿಯಾರದ ಸಮೀಪ ಮೆಕ್ಕೆಕಟ್ಟು ಎಂಬ ಊರಿದೆ. ಅಲ್ಲಿನ ನಂದಿಕೇಶ್ವರ ದೇವಸ್ಥಾನದಲ್ಲಿ ನೂರಕ್ಕೂ ಹೆಚ್ಚು ಮರದ ಭೂತಗಳಿವೆ. ಕೆಂಪು ಬಣ್ಣ ಬಳಿದ, ಆಳೆತ್ತರದ, ಕೆಲವು ಆಳನ್ನೂ ಮೀರಿದ ಆಕೃತಿಗಳು. ಮರ ಹಳತಾದರೆ ದೈವ ಹಳತಾಗುವುದಿಲ್ಲ. ಹೊಸ ಮೂರ್ತಿ ಕಡೆಸಿ, ಶಕ್ತಿಯನ್ನು ಅದಕ್ಕೆ ಇಳಿಸಿ, ಹಳೆಯದನ್ನು ಬಿಟ್ಟುಬಿಡುವುದು ನಡೆದುಬಂದ ಪದ್ಧತಿ. 1960ರ ದಶಕದಲ್ಲಿ ಹೀಗೆ ಬದಲಾದ ಹಳೆಯ ಮೂರ್ತಿಗಳಲ್ಲಿ ಹಲವು ದಿಲ್ಲಿಯ ಕರಕುಶಲ ಸಂಗ್ರಹಾಲಯ ಸೇರಿದವು. ಪ್ರಗತಿ ಮೈದಾನದ ಬಳಿ ಇಂದಿಗೂ ಅವನ್ನು ಕಾಣಬಹುದು.

ಇದನ್ನು ಕಳವು ಎನ್ನಲಾಗದು. ಊರಿನವರ ಲೆಕ್ಕದಲ್ಲಿ ದೈವ ಹೊರಟುಹೋದ ಮರ ಅದು. ಮಳೆಗಾಲದಲ್ಲಿ ಕೊಳೆತುಹೋಗಬೇಕಿದ್ದ ಶಿಲ್ಪ ಉಳಿಯಿತು ಎಂಬ ಸಮಾಧಾನವೂ ನಮಗಿದೆ. ಆದರೆ ಕೊಳೆಯುವುದೂ ಆ ಆಚರಣೆಯ ಭಾಗವಾಗಿತ್ತಲ್ಲವೇ?

ಎಲ್ಲ ಕಡೆ ಇಷ್ಟು ಸಲೀಸಾಗಿ ನಡೆದಿಲ್ಲ. ಮಧ್ಯ ಆಸ್ಟ್ರೇಲಿಯದ ಅರಂಡ ಜನರಿಗೆ 'ಚುರಿಂಗ' ಎಂಬ ಕಲ್ಲು ಅಥವಾ ಮರದ ಫಲಕ ಪೂರ್ವಜನ ದೇಹವೇ ಸರಿ. ದೀಕ್ಷೆಯಾಗದವರು ಅದನ್ನು ನೋಡುವಂತಿಲ್ಲ. ಪಾದ್ರಿಯ ಮಗ ಟೆಡ್ ಸ್ಟ್ರೆಲೋ ಅವರ ನಡುವೆಯೇ ಹುಟ್ಟಿ, ಅವರ ಭಾಷೆ ಕಲಿತವನು. ಹಿರಿಯರು ನಂಬಿ ಅವನ ಕೈಗೆ ಇಂಥ ನೂರಾರು ವಸ್ತುಗಳನ್ನು ಒಪ್ಪಿಸಿದರು. ಕೊನೆಗೆ ಅವನು ತಾನೇ ಒಡೆಯ ಎಂದುಕೊಂಡ. ಗೋಪ್ಯವಾಗಿರಬೇಕಿದ್ದ ಆಚರಣೆಯ ಚಿತ್ರಗಳು 1978ರಲ್ಲಿ ಜರ್ಮನಿಯ ಪತ್ರಿಕೆಯೊಂದರಲ್ಲಿ ಅಚ್ಚಾದವು. ಮಾಹಿತಿ ಸಂಗ್ರಹದ ಹೆಸರಿನಲ್ಲಿ ನಂಬಿಕೆಗೆ ಬಿದ್ದ ಪೆಟ್ಟು ಇದು. 2019ರಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರ್ ಸಂಗ್ರಹಾಲಯ ಇಂಥ 43 ವಸ್ತುಗಳನ್ನು ಯಾವ ಷರತ್ತೂ ಇಲ್ಲದೆ ಆಸ್ಟ್ರೇಲಿಯದ ಮೂಲನಿವಾಸಿಗಳಿಗೆ ಹಿಂತಿರುಗಿಸಿತು.

ಈಗ ನಮ್ಮ ಹೆಗ್ಗಡದೇವನಕೋಟೆಗೆ ಬರೋಣ. ಇಲ್ಲಿನ ಜೇನುಕುರುಬರ ಪಾಡು ಇದಕ್ಕೆ ತದ್ವಿರುದ್ಧ. ಅವರ ಪವಿತ್ರ ವಸ್ತುವನ್ನು ಹೊತ್ತು ಮೈಸೂರಿನ ಮಾನವ ಸಂಗ್ರಹಾಲಯದಲ್ಲಿಡಲು ಬರುವುದಿಲ್ಲ. ಅದು ಬಹುಮಟ್ಟಿಗೆ ಒಂದು ಜಾಗ. ಒಂದು ಮರ, ಒಂದು ಕಲ್ಲು, ಹಿರಿಯರನ್ನು ಮಣ್ಣು ಮಾಡಿದ ನೆಲ. ಅಲ್ಲಿ ದೈವವನ್ನು ಒಯ್ದವರಿಲ್ಲ, ಜನರನ್ನೇ ಒಯ್ದರು. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ನೀರು ಕಾಡಿನ ದೊಡ್ಡ ಭಾಗವನ್ನು ನುಂಗಿತು. ಉಳಿದ ಕಾಡು ಹುಲಿ, ಆನೆಗಳ ಹೆಸರಿನಲ್ಲಿ ಬೇಲಿಯೊಳಗಾಯಿತು. ನಾಗರಹೊಳೆಯಿಂದ ಹೊರಬಂದ ಹಲವು ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಮನೆ, ಜಮೀನು ಸಿಕ್ಕಿತು. ದೈವಕ್ಕೆ ಯಾವ ಪುನರ್ವಸತಿ ಪ್ಯಾಕೇಜಿನಲ್ಲೂ ಕಾಲಂ ಇರಲಿಲ್ಲ.

2025ರ ಮೇ ತಿಂಗಳಲ್ಲಿ ಕೊಡಗಿನ ಕಡೆಯ ನಾಗರಹೊಳೆಯಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಗುಡಿಸಲು ಹಾಕಲು ಹೊರಟವು. ತಮ್ಮ ಹಿರಿಯರೂ ದೈವಗಳೂ ಅಲ್ಲೇ ಇದ್ದಾರೆಂಬುದು ಅವರ ವಾದ. ಅರಣ್ಯ ಇಲಾಖೆ ಅದನ್ನು ಒತ್ತುವರಿ ಎಂದಿತು.

ಸ್ವಾರಸ್ಯವೆಂದರೆ ಕಾನೂನು ಅವರ ಮಾತನ್ನು ಅರ್ಧವಾದರೂ ಒಪ್ಪಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಪವಿತ್ರ ಮರ, ದೇವರಬನ, ಸಮಾಧಿ ನೆಲ ಇವೆಲ್ಲ ಸಮುದಾಯದ ಹಕ್ಕಿಗೆ ಸಾಕ್ಷ್ಯವೆಂದು ಎಣಿಕೆಯಾಗಿವೆ. ಆ ಮರವನ್ನು ತೋರಿಸಬೇಕಾದವರು ಮೊದಲು ಕಾಡಿನ ಗೇಟು ದಾಟಬೇಕು. ಗೇಟಿನ ಕೀಲಿಕೈ ಇರುವುದು ಅರಣ್ಯ ಇಲಾಖೆಯ ಹತ್ತಿರ.