ಫ್ಯಾಕ್ಟ್‌ಚೆಕ್: ಯಾವ ಸಾಧನವೂ ಇಲ್ಲದೆ ಶೂಟಿಂಗ್‌ನಲ್ಲಿ ಒಲಿಂಪಿಕ್ ಪದಕ ಬಂತೇ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಒಂದು ಕೈ ಜೇಬಿನಲ್ಲಿಟ್ಟು ಗುರಿ ಹಿಡಿದ ಫೋಟೋ ಬಸವನಗುಡಿ, ಮಲ್ಲೇಶ್ವರದ ಫ್ಯಾಮಿಲಿ ಗ್ರೂಪ್‌ಗಳಿಗೂ ಬಂದಿರುತ್ತದೆ. ಯಾವ ಸಾಧನವೂ ಇಲ್ಲದೆ ಬೆಳ್ಳಿ ಗೆದ್ದರು ಎಂಬ ಸಾಲೂ ಜೊತೆಗಿರುತ್ತದೆ.

ಬೆಳ್ಳಿ ನಿಜ, ಉಳಿದದ್ದು ಅರ್ಧ ಸತ್ಯ. ಅವರು ಹಾಕಿಕೊಳ್ಳದಿದ್ದದ್ದು ಶೂಟಿಂಗ್ ಕನ್ನಡಕ ಮತ್ತು ದೊಡ್ಡ ಇಯರ್‌ಮಫ್. ಕೈಯಲ್ಲಿದ್ದ ಏರ್ ಪಿಸ್ತೂಲೇ ದೊಡ್ಡ ಸಾಧನ! ಒಂದೇ ಕೈಯಲ್ಲಿ ಹಿಡಿಯಬೇಕೆಂಬುದು ನಿಯಮ. ಇನ್ನೊಂದು ಕೈ ಅಲುಗಾಡದಿರಲೆಂದು ಜೇಬಿಗೆ ಸೇರಿಸುವುದು ಶೂಟರ್‌ಗಳಲ್ಲಿ ಮಾಮೂಲು.

ನಮ್ಮ ಬೆಂಗಳೂರಿನ ಪಿ.ಎನ್. ಪ್ರಕಾಶ್ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಇಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿ.ಮೀ.

ಹಾಗಾದರೆ ಪಿಸ್ತೂಲಿನ ವಿನ್ಯಾಸ ಏನು ಮಾಡುತ್ತದೆ? ಒಂದು ಲೆಕ್ಕ ನೋಡಿ. ಗುರಿ ನೋಡುವ ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವೆ 30 ಸೆಂ.ಮೀ. ಅಂತರ ಇದೆ ಎಂದುಕೊಳ್ಳಿ. ಇಡೀ ಕೈ ನೇರವಾಗಿ 1 ಮಿ.ಮೀ. ಪಕ್ಕಕ್ಕೆ ಸರಿದರೆ ರಂಧ್ರವೂ 1 ಮಿ.ಮೀ. ಮಾತ್ರ ಸರಿಯುತ್ತದೆ. ಆದರೆ ಮಣಿಕಟ್ಟು ತಿರುಗಿ ಎರಡು ಸೈಟ್‌ಗಳ ಸಾಲು 1 ಮಿ.ಮೀ. ತಪ್ಪಿದರೆ, 10 ಮೀಟರ್ ದೂರದಲ್ಲಿ ಅದು 33 ಮಿ.ಮೀ. ಆಗುತ್ತದೆ. ಒಂದೊಂದು ಉಂಗುರದ ಅಗಲ 8 ಮಿ.ಮೀ., ಅಂದರೆ ನಾಲ್ಕು ಉಂಗುರ ಆಚೆ!

ಅದಕ್ಕೇ ಮರದ ಹಿಡಿಯನ್ನು ಅಂಗೈ ಅಳತೆಗೆ ಕೆತ್ತಿಸುವುದು. ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಎಳೆತ ಇರಬೇಕು. ಅದು ನಯವಾಗಿಲ್ಲದೆ ತಡವರಿಸಿದರೆ ಕೊನೆಯ ಕ್ಷಣದಲ್ಲಿ ಕೈ ತಿರುಗುತ್ತದೆ. ಗಾಳಿ ಸಿಲಿಂಡರ್‌ನ ಒತ್ತಡ ಗುಂಡಿನಿಂದ ಗುಂಡಿಗೆ ಇಳಿಯುತ್ತದೆ, ಆದರೂ ವೇಗ ಒಂದೇ ಸಮ ಇರುವಂತೆ ರೆಗ್ಯುಲೇಟರ್ ನೋಡಿಕೊಳ್ಳುತ್ತದೆ.

ಇಷ್ಟಾದರೂ ಕೈಕೊಡಬಹುದು. 2021ರ ಜುಲೈ 25ರಂದು ಟೋಕಿಯೊದಲ್ಲಿ ಅರ್ಹತಾ ಸುತ್ತಿನ ಮಧ್ಯೆ ಮನು ಭಾಕರ್ ಅವರ ಪಿಸ್ತೂಲಿನ ಕಾಕಿಂಗ್ ಲಿವರ್ ಮುರಿಯಿತು. ರಿಪೇರಿಗೆ ಸಮಯ ಹೋಯಿತು. 575 ಅಂಕ, 12ನೇ ಸ್ಥಾನ. ಫೈನಲ್‌ಗೆ 577 ಸಾಕಿತ್ತು. ಪ್ಯಾರಿಸ್‌ನಲ್ಲಿ ಅವರು ಎರಡು ಕಂಚು ಗೆದ್ದರು.

ಮಕ್ಕಳನ್ನು ಶೂಟಿಂಗ್‌ಗೆ ಸೇರಿಸುವವರು ಪಿಸ್ತೂಲಿನ ಬೆಲೆ ಕೇಳುವ ಮೊದಲು ಹಿಡಿ ಮಗುವಿನ ಕೈಗೆ ಕೂರುತ್ತದೆಯೇ, ಬಿಡಿಭಾಗ ಊರಲ್ಲೇ ಸಿಗುತ್ತದೆಯೇ, ಸಿಲಿಂಡರ್ ಮೇಲಿನ ಅವಧಿ ಮುಗಿದಿದೆಯೇ ಎಂದು ಕೋಚ್ ಜೊತೆ ಕೂತು ನೋಡಿ.