ಹತ್ತಿಯ ನೆಂಟಸ್ತಿಕೆ

ಖಾರಘರದಿಂದ ಸಿಎಸ್‌ಎಂಟಿಗೆ ಹೋಗುವ ಲೋಕಲ್ ಶಿವಡಿ ದಾಟಿದರೆ ಕಾಟನ್ ಗ್ರೀನ್ ನಿಲ್ದಾಣ. ಆ ಹೆಸರು ಮುಂಬಯಿಯ ಹತ್ತಿ ವ್ಯಾಪಾರದ ನೆನಪು. ಧಾರವಾಡ ಸೀಮೆಯ ಹತ್ತಿಯೂ ಈ ಊರಿನ ಪೇಟೆಗೆ ಬರುತ್ತಿತ್ತು. ಅದರಲ್ಲಿ ಎರಡು ಬಗೆ: ಒಂದು ಜವಾರಿ, ಇನ್ನೊಂದು 1840ರ ದಶಕದಲ್ಲಿ ಬ್ರಿಟಿಷರು ಬೀಜ ತಂದು ಬೆಳೆಸಿದ ‘ಧಾರವಾಡ-ಅಮೆರಿಕನ್’.

ಇವೆರಡನ್ನೂ ಕೂಡಿಸಿ ಒಳ್ಳೆಯ ತಳಿ ಪಡೆಯುವುದು ಸುಲಭವಿರಲಿಲ್ಲ. ಜವಾರಿ ಹತ್ತಿಯ ಜೀವಕೋಶದಲ್ಲಿ 26 ಕ್ರೋಮೋಸೋಮುಗಳು, ಅಮೆರಿಕನ್ ಹತ್ತಿಯಲ್ಲಿ 52. ಎರಡರ ಸಂಕರಕ್ಕೆ ಬರುವುದು 39. ಪರಾಗ, ಅಂಡಗಳು ರೂಪುಗೊಳ್ಳುವಾಗ ಪ್ರತಿ ಕ್ರೋಮೋಸೋಮಿಗೂ ಜೊತೆಗಾರ ಬೇಕು. ಇಲ್ಲಿ 13 ಜೋಡಿ ಕೂಡಿ, ಉಳಿದ 13 ಒಂಟಿಯಾಗುತ್ತವೆ. ಗಿಡ ಬೆಳೆದರೂ ಬೀಜ ಕಟ್ಟುವುದಿಲ್ಲ.

ಆದರೆ ಆ 13 ಜೋಡಿಯಾದರೂ ಕೂಡಿದ್ದು ಹೇಗೆ? 1934ರಲ್ಲಿ ಸ್ಕೋವ್‌ಸ್ಟೆಡ್ ಎಂಬ ವಿಜ್ಞಾನಿ ಇದಕ್ಕೆ ಉತ್ತರ ಕೊಟ್ಟರು. ಅಮೆರಿಕನ್ ಹತ್ತಿಯ ಕ್ರೋಮೋಸೋಮುಗಳಲ್ಲಿ ಅರ್ಧ ದೊಡ್ಡವು, ಅರ್ಧ ಚಿಕ್ಕವು; ಏಷ್ಯಾದ ಹತ್ತಿಯೊಡನೆ ಜೋಡಿಯಾಗುವುದು ದೊಡ್ಡವು. ಅಂದರೆ ಅಮೆರಿಕನ್ ಹತ್ತಿಯೇ ಒಂದು ಪುರಾತನ ಸಂಕರ. ಅದರ ಒಂದು ಪಾಲು ಏಷ್ಯಾ-ಆಫ್ರಿಕಾದ ಹತ್ತಿಯ ಬಳಗದ್ದು, ಇನ್ನೊಂದು ಅಮೆರಿಕದ ಕಾಡುಹತ್ತಿಯ ಬಳಗದ್ದು. 1940ರಲ್ಲಿ ಬೀಸ್ಲಿ ಏಷ್ಯಾದ ಹತ್ತಿಯನ್ನು ಅಮೆರಿಕದ ಕಾಡುಹತ್ತಿಯೊಡನೆ ಕೂಡಿಸಿ, ಕಾಲ್ಚಿಸಿನ್ ಬಳಸಿ ಕ್ರೋಮೋಸೋಮುಗಳನ್ನು ಇಮ್ಮಡಿಗೊಳಿಸಿ, ಇದಕ್ಕೆ ಪುರಾವೆ ಒದಗಿಸಿದರು. ಕನ್ನಡದ ‘ಹಾಲು’ ತಮಿಳಿನ ‘ಪಾಲ್’ ಪಕ್ಕದಲ್ಲಿಟ್ಟು ನೆಂಟಸ್ತಿಕೆ ಗುರುತಿಸಲು ಕಲಿತ ನನಗೆ ಈ ವಿಧಾನ ಹೊಸದೆನಿಸಲಿಲ್ಲ.

1972ರಲ್ಲಿ ಧಾರವಾಡದ ಬಿ.ಎಚ್. ಕಟರಕಿ ಬೇರೆ ಜೋಡಿ ಹುಡುಕಿದರು. ಅಮೆರಿಕನ್ ಜಾತಿಯ ‘ಲಕ್ಷ್ಮೀ’ ತಾಯಿ, ಈಜಿಪ್ಟ್ ಹತ್ತಿಯ ಜಾತಿಗೆ ಸೇರಿದ ಎಸ್‌ಬಿ 289ಇ ತಂದೆ. ಜಾತಿ ಬೇರೆಯಾದರೂ ಎರಡರಲ್ಲೂ 52 ಕ್ರೋಮೋಸೋಮು, ಅವೇ ಎರಡು ಪಾಲು. ಜೋಡಿ ಕೂಡಿತು, ಕಾಯಿ ಕಟ್ಟಿತು, ಉದ್ದ ನೂಲೆಳೆ ಬಂತು. ಎರಡು ಜಾತಿಗಳನ್ನು ಕೂಡಿಸಿ ವಾಣಿಜ್ಯ ಮಟ್ಟದಲ್ಲಿ ಬೆಳೆದ ಜಗತ್ತಿನ ಮೊದಲ ಹತ್ತಿ ಸಂಕರ ‘ವರಲಕ್ಷ್ಮೀ’ ಹುಟ್ಟಿದ್ದು ಹೀಗೆ.

ಆದರೆ ಅದರ ಬೀಜವನ್ನೇ ಮತ್ತೆ ಬಿತ್ತಿದರೆ ಬೆಳೆ ಒಂದೊಂದು ಗಿಡಕ್ಕೆ ಒಂದೊಂದು ಥರ. ಹಾಗಾಗಿ ಪ್ರತಿ ವರ್ಷ ಹೊಸ ಬೀಜ ಬೇಕು. ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಗ್ಗೆ ಇನ್ನೊಂದರ ಪರಾಗ ಮುಟ್ಟಿಸಬೇಕು. ಒಂದೊಂದೇ ಹೂವಿಗೆ ಹೀಗೆ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು, ಹುಡುಗಿಯರು.

ಜವಾರಿ ‘ಜಯಧರ’ ಬೆಳೆದ ರೈತ ಮುಂದಿನ ವರ್ಷದ ಬೀಜವನ್ನು ತನ್ನ ಬೆಳೆಯಿಂದಲೇ ಎತ್ತಿಡಬಹುದಿತ್ತು. ವರಲಕ್ಷ್ಮೀ ಬೆಳೆದವನು ಒಳ್ಳೆಯ ಹತ್ತಿ ಮಾರಿದ, ಬೀಜಕ್ಕೆ ಮಾತ್ರ ಪ್ರತಿ ಮುಂಗಾರಿಗೂ ಅಂಗಡಿಯ ಬಾಗಿಲು ಕಾದ.