ಮುಚ್ಚುವ ಕಾರ್ಖಾನೆ, ಉಳಿಯುವ ಊರು

ವಿದ್ಯುದಾಗಾರವೊಂದು ಊರಿಗೆ ಬರುವಾಗಿನ ಸಂಭ್ರಮದ ವರ್ಣನೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಶಂಕುಸ್ಥಾಪನೆ, ಮಂತ್ರಿಮಹೋದಯರ ಭಾಷಣ, ಕಲ್ಲಿನ ಮೇಲೆ ಕೆತ್ತಿದ ಹೆಸರುಗಳು, ಇವೆಲ್ಲಕ್ಕೂ ದಾಖಲೆಯುಂಟು. ಅದೇ ವಿದ್ಯುದಾಗಾರ ಮುಪ್ಪಾಗಿ ನಿಂತುಹೋಗುವ ದಿನ ಅದನ್ನು ನಂಬಿಕೊಂಡ ಊರು ಏನು ಮಾಡಬೇಕು ಎಂಬುದಕ್ಕೆ ಮಾತ್ರ ಕಲ್ಲೂ ಇಲ್ಲ, ಕಾಗದವೂ ಇಲ್ಲ. ನಾನು ಈಗ ಮಾತನಾಡಬೇಕೆಂದಿರುವುದು ಆ ಇಲ್ಲದ ಕಾಗದವನ್ನು ಕುರಿತು.

ಹರಪನಹಳ್ಳಿಯಲ್ಲಿ ಕುಳಿತವನಿಗೆ ಈ ಚಿಂತೆ ಏಕೆ ಎಂದು ಕೇಳಬಹುದು. ನಮ್ಮ ತಾಲ್ಲೂಕಿನಲ್ಲಿ ಕಲ್ಲಿದ್ದಲು ಸುಡುವ ಚಿಮಣಿಯಿಲ್ಲ. ಆದರೆ ಬಳ್ಳಾರಿಯ ಪಕ್ಕದ ಕುಡತಿನಿಯಲ್ಲಿ 2008ರಿಂದ ಒಂದು ಉಷ್ಣವಿದ್ಯುತ್ ಸ್ಥಾವರ ಉರಿಯುತ್ತಿದೆ. ಅದರ ಮೂರು ಘಟಕಗಳು ಸೇರಿ 1700 ಮೆಗಾವಾಟ್. ಅದಕ್ಕೂ ಹಿರಿಯದು ರಾಯಚೂರಿನ ಬಳಿ ಕೃಷ್ಣಾ ನದಿಯ ದಡದಲ್ಲಿ, ದೇವಸೂಗೂರಿನ ನೆಲದಲ್ಲಿ ಎದ್ದುನಿಂತ ಶಕ್ತಿನಗರದ ಸ್ಥಾವರ. ಅದರ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಯಂತ್ರಕ್ಕೂ ಆಯುಷ್ಯವಿದೆ ಎಂಬುದನ್ನು ಕಟ್ಟಿದ ಎಂಜಿನಿಯರು ಮೊದಲ ದಿನವೇ ಬಲ್ಲ. ಬಾಗಿಲಲ್ಲಿ ಚಹದಂಗಡಿ ಇಟ್ಟವನಿಗೆ, ಹಾರುಬೂದಿಯಿಂದ ಇಟ್ಟಿಗೆ ಮಾಡುವವನಿಗೆ, ಪಂಚಾಯಿತಿಯ ಸದಸ್ಯನಿಗೆ ಅದನ್ನು ಯಾರೂ ಹೇಳಿರುವುದಿಲ್ಲ.

ಹೊರದೇಶಗಳಲ್ಲಿ ಈ ಅನುಭವ ಆಗಿದೆ, ಎರಡು ಬಗೆಯಾಗಿ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಹೇಜಲ್‌ವುಡ್ ಎಂಬ ದೊಡ್ಡ ಸ್ಥಾವರವನ್ನು ಮುಚ್ಚುವುದಾಗಿ ಕಂಪನಿ 2016ರ ನವೆಂಬರಿನಲ್ಲಿ ಸಾರಿತು. 2017ರ ಮಾರ್ಚಿ ಮುಗಿಯುವುದರೊಳಗೆ ಮುಚ್ಚಿಯೂ ಮುಚ್ಚಿತು. ಐದೇ ತಿಂಗಳು. ಸರ್ಕಾರ ಆ ಕಣಿವೆಗೆಂದೇ ಒಂದು ಪ್ರಾಧಿಕಾರವನ್ನು ತರಾತುರಿಯಲ್ಲಿ ರಚಿಸಬೇಕಾಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೆಂಟ್ರೇಲಿಯ ಎಂಬಲ್ಲಿ ಇದಕ್ಕೆ ವಿರುದ್ಧವಾದ ಕ್ರಮ ನಡೆಯಿತು. ಅಲ್ಲಿ 2011ರಲ್ಲಿಯೇ ಒಪ್ಪಂದವಾಗಿ, ಒಂದು ಘಟಕ 2020ಕ್ಕೆ, ಇನ್ನೊಂದು 2025ಕ್ಕೆ ಕಲ್ಲಿದ್ದಲು ಬಿಡಬೇಕೆಂದು ಗೊತ್ತುಮಾಡಿದರು. ಊರಿನ ಮುಂದಿನ ಬಾಳುವೆಗಾಗಿ ಕಂಪನಿ 5.5 ಕೋಟಿ ಡಾಲರು ತೆಗೆದಿರಿಸಬೇಕೆಂದು ಬರೆಸಿಕೊಂಡರು. ಒಂದು ಊರಿಗೆ ಸಿಕ್ಕ ಕಾಲ ಐದು ತಿಂಗಳು, ಇನ್ನೊಂದಕ್ಕೆ ಹತ್ತು ಹದಿನಾಲ್ಕು ವರ್ಷ. ದುಡ್ಡಿಗಿಂತ ಈ ಕಾಲವೇ ದೊಡ್ಡದೆಂದು ನನ್ನ ಅಭಿಪ್ರಾಯ.

ಕನ್ನಡನಾಡಿನಲ್ಲಿ ಇದಕ್ಕೆ ಸರಿಸಾಟಿಯಾದ ಚರಿತ್ರೆ ಬೇಕೆಂದರೆ ವಿದ್ಯುದಾಗಾರವನ್ನು ಬಿಟ್ಟು ಅದರ ಮೊದಲ ಗಿರಾಕಿಯ ಕಡೆ ಹೋಗಬೇಕು. ಶಿವನಸಮುದ್ರದ ಜಲವಿದ್ಯುತ್ತು ಮೈಸೂರಿನ ಅರಮನೆಗೆ ಮೊದಲು ಬಂತೆಂದೋ ಬೆಂಗಳೂರಿನ ಬೀದಿಗೆ ಮೊದಲು ಬಂತೆಂದೋ ಅನೇಕರು ತಿಳಿದಿದ್ದಾರೆ. ಹಾಗಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಆ ಕಾರ್ಯ 1902ರ ಜೂನ್ ತಿಂಗಳ ಕೊನೆಗೆ ಪೂರೈಸಿದಾಗ ವಿದ್ಯುತ್ತು ನೇರವಾಗಿ ಹರಿದದ್ದು ಕೋಲಾರದ ಚಿನ್ನದ ಗಣಿಗೆ, 92 ಮೈಲಿಗಳ ದೂರಕ್ಕೆ. ಅಷ್ಟು ದೂರದ ತಂತಿ ಆ ದಿನಗಳಲ್ಲಿ ಲೋಕದಲ್ಲೇ ಅಪರೂಪ. ಬೆಂಗಳೂರಿನ ಬೀದಿಗಳು ಬೆಳಕು ಕಂಡದ್ದು ಮೂರು ವರ್ಷ ಕಳೆದು, 1905ರ ಆಗಸ್ಟಿನಲ್ಲಿ. ದೊರೆಯ ರಾಜಧಾನಿಗಿಂತ ಮೊದಲು ಗಣಿಯ ಯಂತ್ರಕ್ಕೆ ವಿದ್ಯುತ್ತು ಬೇಕಾಯಿತು. ದುಡ್ಡು ಕೊಡುವವನು ಅಲ್ಲಿದ್ದ.

ಆ ಗಿರಾಕಿಯ ಊರನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಜಾನ್ ಟೇಲರ್ ಕಂಪನಿಯವರು 1880ರ ಸುಮಾರಿಗೆ ಅಲ್ಲಿ ಕಾಲಿಟ್ಟರು. 1894ಕ್ಕೆ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ರೈಲು ಬಂತು. ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ನೀರು ಬಂತು. ಆಸ್ಪತ್ರೆ, ಕ್ಲಬ್ಬು, ಸಾಹೇಬರ ಬಂಗಲೆಗಳು, ಕಾರ್ಮಿಕರ ಲೈನ್ ಮನೆಗಳು ಎದ್ದವು. ಉಚ್ಛ್ರಾಯದ ದಿನಗಳಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಕೆಲಸಕ್ಕಿದ್ದರು. ಹೆಚ್ಚಿನವರು ತಮಿಳು, ತೆಲುಗು ಸೀಮೆಗಳಿಂದ ಬಂದವರು, ಅವರಲ್ಲಿ ಬಹುಪಾಲು ದಲಿತರು. ತಮ್ಮ ಹಳ್ಳಿಯ ಕಟ್ಟಳೆಗಳಿಂದ ಬಿಡಿಸಿಕೊಂಡು ಬರಲು ಅವರಿಗೆ ಗಣಿಯ ಕತ್ತಲೆಯೂ ಒಂದು ದಾರಿಯಾಗಿತ್ತು ಎಂಬುದನ್ನು ಮರೆಯಬಾರದು. ಮೂರು ಕಿಲೋಮೀಟರಿಗೂ ಆಳಕ್ಕೆ ಅವರು ಇಳಿದರು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಮೇಲೆ ಬಂತು.

ಊರನ್ನು ಆಳುತ್ತಿದ್ದವರು ಯಾರು? ಇಲ್ಲಿದೆ ನೋಡಿ ನನ್ನ ಮಾತಿನ ತಿರುಳು. ಗಣಿಯ ಸೀಮೆಯ ಚರಂಡಿ, ಕಸ, ಆರೋಗ್ಯಗಳಿಗೆ ಸ್ಯಾನಿಟರಿ ಬೋರ್ಡು ಎಂಬ ಬೇರೆಯೇ ಒಂದು ವ್ಯವಸ್ಥೆ. ನೀರು, ದೀಪ, ಮನೆ, ಔಷಧ ಎಲ್ಲವೂ ಕಂಪನಿಯದು. ಅಂಗಡಿಸಾಲಿನ ಪೇಟೆ, ರಾಬರ್ಟ್‌ಸನ್‌ಪೇಟೆ, ಪಕ್ಕದಲ್ಲಿ ಹುಟ್ಟಿತು. ಗಣಿಯ ಸಂಬಳದ ದಿನ ಅದರ ಹಬ್ಬದ ದಿನ. ಪೇಟೆಯ ಪೌರಸಭೆ ಅಂಗಡಿಗಳ ಕಂದಾಯ ನೆಚ್ಚಿತು, ಅಂಗಡಿ ಕಾರ್ಮಿಕನ ಸಂಬಳ ನೆಚ್ಚಿತು, ಸಂಬಳ ಗಣಿಯನ್ನು ನೆಚ್ಚಿತು. ಆದರೆ ಗಣಿಯ ಬಗ್ಗೆ ಒಂದು ಪ್ರಶ್ನೆ ಕೇಳುವ ಅಧಿಕಾರ ಆ ಸಭೆಗೆ ಇರಲಿಲ್ಲ. ಕಂಪನಿ ಎಲ್ಲವನ್ನೂ ಮಾಡುತ್ತಿದ್ದಾಗ ಅಂಥ ಅಧಿಕಾರ ಬೇಕೆಂದು ಯಾರಿಗೂ ತೋರಿರಲಾರದು. ಉಂಡಾಡಿಯ ಮನೆಯಲ್ಲಿ ಯಾರು ಅಡಿಗೆಯ ಲೆಕ್ಕ ಇಡುತ್ತಾರೆ!

ಮುಪ್ಪಿನ ಲಕ್ಷಣಗಳು ಬಹಳ ಮುಂಚೆಯೇ ಕಂಡಿದ್ದವು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು. ಅಗೆದಷ್ಟೂ ಆಳ, ಆಳವಾದಷ್ಟೂ ಖರ್ಚು. ಅದರ ಮೇಲೆ ಚಿನ್ನವನ್ನು ಪೇಟೆಯ ಧಾರಣೆಗಲ್ಲದೆ ಅಂತರರಾಷ್ಟ್ರೀಯ ದರಕ್ಕೆ ಸರ್ಕಾರಕ್ಕೇ ಒಪ್ಪಿಸಬೇಕಾದ ಕಾಲವೂ ಇತ್ತು. ನಷ್ಟದ ಲೆಕ್ಕಕ್ಕೆ ಇದೂ ಒಂದು ಕಾರಣ. 1992ರಲ್ಲಿ ರೋಗಗ್ರಸ್ತ ಕೈಗಾರಿಕೆಗಳ ಮಂಡಳಿಯ ಮುಂದೆ ಕಡತ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಲವತ್ತು ವರ್ಷಗಳ ಮುನ್ಸೂಚನೆ! ಸೆಂಟ್ರೇಲಿಯಕ್ಕೆ ಸಿಕ್ಕಿದ್ದಕ್ಕಿಂತ ಹೆಚ್ಚು. ಸೂಚನೆಯನ್ನು ಕೈಗೆ ತೆಗೆದುಕೊಳ್ಳಬೇಕಾದ ಊರಿನ ಸಂಸ್ಥೆಯೊಂದು ಇರಲಿಲ್ಲ, ಅಷ್ಟೆ.

ಈ ಮಾತಿಗೆ ಒಂದು ಅಪವಾದ ಹೇಳಬೇಕು. 1964ರಲ್ಲಿ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆ ಅಲ್ಲಿಗೇ ಬಂತು. ಮಣ್ಣು ತೆಗೆಯುವ ದೈತ್ಯಯಂತ್ರಗಳನ್ನು ಕಟ್ಟುವ ಆ ಕಾರ್ಖಾನೆ ಇಲ್ಲದಿದ್ದರೆ ಊರಿನ ಗತಿ ಏನಾಗುತ್ತಿತ್ತೋ. ಆದರೆ ಅದೂ ದೆಹಲಿಯ ನಿರ್ಣಯ. ರಾಬರ್ಟ್‌ಸನ್‌ಪೇಟೆಯ ಠರಾವು ಪುಸ್ತಕದಿಂದ ಹುಟ್ಟಿದ್ದಲ್ಲ.

ಮುಚ್ಚಿದ ಮೇಲಿನ ಕಥೆಯನ್ನು ನೋಡಬೇಕೆನ್ನುವವರು ಮುಂಜಾನೆ ಮಾರಿಕುಪ್ಪಂ ನಿಲ್ದಾಣಕ್ಕೆ ಹೋಗಬೇಕು. ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ದುಡಿಯಲು ಹೋಗುವವರು ಕತ್ತಲಿರುವಾಗಲೇ ರೈಲು ಹಿಡಿಯುತ್ತಾರೆ, ರಾತ್ರಿ ಹಿಂತಿರುಗುತ್ತಾರೆ. ನಮ್ಮ ಹರಪನಹಳ್ಳಿ, ಕೂಡ್ಲಿಗಿಗಳ ತಾಂಡಾಗಳಿಂದ ಜನ ಸುಗ್ಗಿ ಮುಗಿದ ಮೇಲೆ ಕಾಫಿ ತೋಟಕ್ಕೆ, ಕಬ್ಬಿನ ಕಟಾವಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗುವುದಕ್ಕೆ ನಾವು ಗುಳೆ ಎನ್ನುತ್ತೇವೆ. ನಮ್ಮದು ಮಳೆಯನ್ನು ನಂಬಿದ ಗುಳೆ, ವರ್ಷಕ್ಕೊಮ್ಮೆ. ಅವರದು ದಿನದಿನದ ಗುಳೆ. ನಮ್ಮ ಕಡೆಯ ಕೇಳುಗರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಜಮೀನಿನ ಕಥೆ ಬೇರೆ. ಹನ್ನೆರಡು ಸಾವಿರ ಎಕರೆಗೂ ಹೆಚ್ಚು ನೆಲ ಮುಚ್ಚಿದ ಕಂಪನಿಯ ಹೆಸರಿನಲ್ಲಿ. ಊರು ಬೆಳೆಯಬೇಕಾದ ದಿಕ್ಕಿನಲ್ಲೆಲ್ಲ ಅದೇ. ಲೈನ್ ಮನೆಗಳಲ್ಲಿ ಇದ್ದವರು ಉಳಿದರು. ಮನೆ ತಮ್ಮದೋ ಕಂಪನಿಯದೋ ಎಂಬ ಜಗಳ ವರ್ಷಗಟ್ಟಲೆ ಎಳೆಯಿತು. ಗಣಿಯ ಕಲ್ಲುಪುಡಿ ಸುರಿದ ಬೂದುಬಣ್ಣದ ಗುಡ್ಡಗಳು, ಸಯನೈಡಿನಿಂದ ತೊಳೆದ ಮಣ್ಣು, ಬೇಸಗೆಯ ಗಾಳಿಗೆ ಮನೆಯ ಅಡಿಗೆಪಾತ್ರೆಗಳ ಮೇಲೆ ಬಂದು ಕೂರುವುದು ನಿಂತಿಲ್ಲ. ಆ ಗುಡ್ಡಗಳಲ್ಲಿ ಹದಿಮೂರನ್ನು, ಸುಮಾರು ಸಾವಿರ ಎಕರೆಯವನ್ನು, ಹರಾಜು ಹಾಕುವ ಕೇಂದ್ರದ ಸೂಚನೆಗೆ ನಮ್ಮ ರಾಜ್ಯದ ಮಂತ್ರಿಮಂಡಲ ಒಪ್ಪಿಗೆ ಕೊಟ್ಟದ್ದು 2024ರಲ್ಲಿ. ಗಣಿ ಮುಚ್ಚಿ ಇಪ್ಪತ್ತಮೂರು ವರ್ಷ. ಅಂದು ಹತ್ತು ವಯಸ್ಸಿನವನಾಗಿದ್ದ ಹುಡುಗ ಆ ಹೊತ್ತಿಗೆ ತನ್ನ ಮಕ್ಕಳನ್ನು ಶಾಲೆಗೆ ಸೇರಿಸಿರಬೇಕು.

ಇನ್ನು ಹತ್ತಿರದ ಒಂದು ಉದಾಹರಣೆ. ತುಂಗಭದ್ರಾ ಅಣೆಕಟ್ಟಿನ ಗೇಟುಗಳನ್ನು ಮಾಡಲೆಂದು 1947ರಲ್ಲಿ ಹೊಸಪೇಟೆಯಲ್ಲಿ ಒಂದು ಕಮ್ಮಟ ಆರಂಭವಾಯಿತು. ಮುಂದೆ ಅದೇ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯಾಯಿತು. ದೇಶದ ಹಲವು ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟ ಸಂಸ್ಥೆಯದು. 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. 2024ರ ಆಗಸ್ಟ್ 10ರ ರಾತ್ರಿ, ತುಂಬಿದ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ನಮ್ಮ ಸೀಮೆಯ ರೈತರೆಲ್ಲ ಆ ವಾರ ಉಸಿರು ಬಿಗಿಹಿಡಿದಿದ್ದರು. ತಾತ್ಕಾಲಿಕವಾಗಿ ಅಡ್ಡಗಟ್ಟುವ ಉಕ್ಕಿನ ಹಲಗೆಗಳನ್ನು ಸುತ್ತಮುತ್ತಲಿನ ಬೇರೆ ಕಾರ್ಖಾನೆಗಳಲ್ಲಿ ಹಗಲಿರುಳು ದುಡಿದು ಮಾಡಿಸಬೇಕಾಯಿತು. ಗೇಟು ಮಾಡುವುದೇ ಹುಟ್ಟುಗುಣವಾಗಿದ್ದ ಸಂಸ್ಥೆಯ ಬಾಗಿಲಿಗೆ ಆಗ ಬೀಗ. ಕಾರ್ಖಾನೆ ಮುಚ್ಚುವಾಗ ಲೆಕ್ಕಿಗರು ಯಂತ್ರದ ಬೆಲೆ, ನೆಲದ ಬೆಲೆ ಹಾಕುತ್ತಾರೆ. ಊರಿನ ಕೈಯಲ್ಲಿರುವ ಕಸುಬಿನ ಬೆಲೆಯನ್ನು ಯಾವ ಕಲಮಿನಲ್ಲಿ ಹಾಕಬೇಕೆಂದು ಅವರಿಗೆ ತಿಳಿಯುವುದಿಲ್ಲ. ಅದನ್ನು ಊರೇ ಹಾಕಬೇಕು.

ಹಾಕುವ ಅಧಿಕಾರ ಉಂಟೆ? ಕಾನೂನಿನಲ್ಲಿ ಉಂಟು. ಅಬ್ದುಲ್ ನಜೀರ್ ಸಾಬರ ಶ್ರಮದಿಂದ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದಾಗ ಯೋಜನೆ ಕೆಳಗಿನಿಂದ ಮೇಲಕ್ಕೆ ಹೋಗಬೇಕೆಂಬ ಮಾತಿಗೆ ಮೊದಲ ಬಾರಿ ಮೈ ಬಂತು. ಆಮೇಲೆ ಸಂವಿಧಾನದ 74ನೆಯ ತಿದ್ದುಪಡಿ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕೆಂದಿತು. ಹಳ್ಳಿಯ ಯೋಜನೆಯನ್ನೂ ಪಟ್ಟಣದ ಯೋಜನೆಯನ್ನೂ ಕೂಡಿಸಿ ನೋಡುವುದು ಅದರ ಕೆಲಸ. ಅದೇ ತಿದ್ದುಪಡಿ ಕಾರ್ಖಾನೆಯೇ ಸೌಕರ್ಯ ಒದಗಿಸುವ ಕಡೆ ಪೌರಸಭೆ ಬೇಡ, ಕೈಗಾರಿಕಾ ಪಟ್ಟಣವೆಂದು ಸಾರಬಹುದೆಂದು ಒಂದು ಕಿಂಡಿಯನ್ನೂ ಇಟ್ಟಿತು. ಹಳೆಯ ಗಣಿಯ ನೆರಳು ಆ ವಾಕ್ಯದಲ್ಲಿ ನನಗೆ ಕಾಣುತ್ತದೆ.

ಸಮಿತಿಗಳು ಇವೆ. ಕಾಗದ ಯಾವ ಸಮಿತಿಯ ಬೀರುವಿನಲ್ಲಿರಬೇಕು ಎಂಬುದೂ ನಮ್ಮ ಕಡೆ ಸಣ್ಣ ಪ್ರಶ್ನೆಯಲ್ಲ. ಪಾಳೆಯಗಾರರ ಕಾಲದಲ್ಲಿ ರಾಜಧಾನಿಯಾಗಿ, ಮುಂದೆ ತಾಲ್ಲೂಕು ಕೇಂದ್ರವಾಗಿ ಉಳಿದ ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಇಪ್ಪತ್ತೈದು ವರ್ಷ ತುಂಬುವುದರೊಳಗೆ ಮೂರು ಜಿಲ್ಲಾ ಕಚೇರಿಗಳ ಮೆಟ್ಟಿಲು. ಇಪ್ಪತ್ತು ವರ್ಷ ಮುಂದಿನ ಮಾತನ್ನು ಹೀಗೆ ಓಡಾಡುವ ಕಡತದಲ್ಲಿ ಬರೆದಿಡುವುದು ಕಷ್ಟ. ಆದ್ದರಿಂದಲೇ ಅದು ಜಿಲ್ಲೆಯ ಕಡತದಲ್ಲಲ್ಲ, ಪಂಚಾಯಿತಿಯ ಕಡತದಲ್ಲಿ ಇರಬೇಕೆನ್ನುತ್ತೇನೆ. ಜಿಲ್ಲೆಯ ಗೆರೆ ಸರಿದರೂ ಊರು ಸರಿಯುವುದಿಲ್ಲ.

ಆ ಕಡತದಲ್ಲಿ ಏನಿರಬೇಕು? ಸ್ಥಾವರದ ಖಾಯಂ ನೌಕರರ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ. ಶಕ್ತಿನಗರ ನಿಂತರೆ ನಿಗಮ ಅವರನ್ನು ಇನ್ನೊಂದು ಕಡೆಗೆ ವರ್ಗ ಮಾಡಬಹುದು. ಗುತ್ತಿಗೆಯ ಆಳಿಗೆ ವರ್ಗವಿಲ್ಲ. ಕಲ್ಲಿದ್ದಲಿನ ವ್ಯಾಗನ್ನು ಖಾಲಿ ಮಾಡುವವನು, ಬೂದಿ ಸಾಗಿಸುವ ಲಾರಿಯ ಡ್ರೈವರು, ಕ್ಲೀನರು, ಕ್ವಾರ್ಟರ್ಸಿನಲ್ಲಿ ಪಾತ್ರೆ ತಿಕ್ಕುವ ಹೆಂಗಸು, ಇವರ ಸಂಖ್ಯೆ ಎಷ್ಟೆಂದು ಮೊದಲು ಎಣಿಸಬೇಕು. ಬೂದಿ ಬರುವುದು ನಿಂತರೆ ಇಟ್ಟಿಗೆಯವನೂ ನಿಲ್ಲುತ್ತಾನೆ, ಅವನನ್ನೂ ಎಣಿಸಬೇಕು. ಬೂದಿಯ ಕೆರೆಯನ್ನು ಯಾರು ಮುಚ್ಚಿ ಮಣ್ಣು ಹೊದಿಸುತ್ತಾರೆ, ಆ ಹಣ ಎಲ್ಲಿದೆ ಎಂದು ಲಿಖಿತವಾಗಿ ಕೇಳಬೇಕು. ಕೋಲಾರದಲ್ಲಿ ಕೇಳದೆ ಉಳಿದದ್ದು ಇದನ್ನೇ. ಸ್ಥಾವರ ನದಿಯಿಂದ ಎತ್ತುವ ನೀರು ಮುಂದೆ ಯಾರ ಪಾಲು ಎಂಬುದು ನಮ್ಮಂಥ ಬರದ ಸೀಮೆಯಲ್ಲಿ ನೆಲದ ಪ್ರಶ್ನೆಗಿಂತ ದೊಡ್ಡದು. ಚಿಮಣಿ ತಣ್ಣಗಾದರೂ ಅಲ್ಲಿಂದ ಹೊರಟ ದೊಡ್ಡ ತಂತಿಗಳು ಕೆಲಸಕ್ಕೆ ಬರುತ್ತವೆ. ಗಾಳಿಯ ವಿದ್ಯುತ್ತೋ ಬಿಸಿಲಿನ ವಿದ್ಯುತ್ತೋ ಅವುಗಳಲ್ಲಿಯೇ ಹರಿಯಬಹುದು. ಹಾಗೆ ಹರಿಯುವಾಗ ಕೆಲಸ ಊರಿನವರಿಗೋ ಹೊರಗಿನವರಿಗೋ ಎಂಬುದನ್ನು ಮುಂಚಿತವಾಗಿ ಮಾತಾಡಿಕೊಳ್ಳಬೇಕು. ಗಾಳಿಯಂತ್ರಕ್ಕೆ ಕಟ್ಟುವಾಗ ಬೇಕಾಗುವಷ್ಟು ಆಳು ನಡೆಸುವಾಗ ಬೇಕಿಲ್ಲವೆಂಬುದನ್ನೂ ಮರೆಯದೆ ಬರೆದುಕೊಳ್ಳಬೇಕು.

ಇದಕ್ಕೆಲ್ಲ ತಜ್ಞರ ಸಮಿತಿ ಬರುವವರೆಗೆ ಕಾಯುವ ಅಗತ್ಯವಿಲ್ಲ. ಒಬ್ಬ ಪಂಚಾಯಿತಿ ಕಾರ್ಯದರ್ಶಿ, ಇಬ್ಬರು ಶಾಲೆಯ ಮೇಷ್ಟರು, ಒಂದು ಬೇಸಗೆ ರಜೆ ಇದ್ದರೆ ಎಣಿಕೆಯ ಭಾಗ ಮುಗಿಯುತ್ತದೆ. ಶಕ್ತಿನಗರದ ಮೊದಲ ಘಟಕಕ್ಕೆ 2025ರಲ್ಲಿ ನಲವತ್ತು ವರ್ಷ ತುಂಬಿತು. ಎಣಿಕೆಯನ್ನು ದೇವಸೂಗೂರಿನಿಂದಲೇ ಆರಂಭಿಸಬಹುದು, ಆಮೇಲೆ ಕುಡತಿನಿ.